ಜನವರಿ ಒಂದರ ಲಕೋಟೆ

ಜನವರಿ ಒಂದನೆಯ ತಾರೀಕು ಧರ್ಮಸಭೆಯ ಪಂಚಾಂಗದಲ್ಲಿ ದೇವಮಾತೆ ಮರಿಯಮ್ಮನವರ ಮಹೋತ್ಸವ. 1968ರಿಂದ ಈಚೆಗೆ ಅದು ವಿಶ್ವಶಾಂತಿ ದಿನವೂ ಹೌದು. ಜಗದ್ಗುರು ಆರನೇ ಪೌಲರು ಆರಂಭಿಸಿದ ಆಚರಣೆ ಅದು. ಹಿಂದಿನ ರಾತ್ರಿ ನಿದ್ದೆಗೆಟ್ಟ ಕಣ್ಣುಗಳನ್ನು ಉಜ್ಜಿಕೊಳ್ಳುತ್ತಲೇ ನಮ್ಮ ಜನರು ಬಲಿಪೂಜೆಗೆ ಬರುತ್ತಾರೆ. ವಿಶ್ವಾಸಿಗಳ ಪ್ರಾರ್ಥನೆಯಲ್ಲಿ ಲೋಕದ ಶಾಂತಿಗಾಗಿ ಒಂದು ಬಿನ್ನಹವನ್ನು ಓದಲಾಗುತ್ತದೆ, ಎಲ್ಲರೂ ಒಕ್ಕೊರಲಿನಿಂದ ಓಗೊಡುತ್ತಾರೆ, ಪೂಜೆ ಮುಂದುವರಿಯುತ್ತದೆ. ಅಂದೇ ದೆಹಲಿಯಲ್ಲಿ ಮತ್ತು ಇಸ್ಲಾಮಾಬಾದಿನಲ್ಲಿ ಇನ್ನೊಂದು ವಿಧಿ ಸದ್ದಿಲ್ಲದೆ ನಡೆದುಹೋಗುತ್ತದೆಂಬುದನ್ನು ನಮ್ಮಲ್ಲಿ ಬಲ್ಲವರು ಕಡಿಮೆ. ಭಾರತವು ತನ್ನ ಅಣುಸ್ಥಾವರಗಳ ಪಟ್ಟಿಯನ್ನು ಪಾಕಿಸ್ತಾನಕ್ಕೂ ಪಾಕಿಸ್ತಾನವು ತನ್ನ ಪಟ್ಟಿಯನ್ನು ಭಾರತಕ್ಕೂ ಅಂದು ಹಸ್ತಾಂತರಿಸುತ್ತವೆ. ಇದು ಮೊದಲು ನಡೆದದ್ದು 1992ರ ಜನವರಿ 1ರಂದು. 2026ರ ಜನವರಿ 1ರಂದು ನಡೆದದ್ದು ಮೂವತ್ತೈದನೆಯ ಸಲ. ನಡುವೆ ಒಂದು ವರ್ಷವೂ ತಪ್ಪಿಲ್ಲ. ಮರುದಿನದ ಪತ್ರಿಕೆಗಳ ಒಳಪುಟದ ಮೂಲೆಯಲ್ಲಿ ನಾಲ್ಕು ಸಾಲಿನ ವರದಿ ಬರುತ್ತದೆ, ಅಷ್ಟೆ.

ಈ ವಾರದ ಅಂಕಣವನ್ನು ಆ ನಾಲ್ಕು ಸಾಲಿನ ವರದಿಗೆ ಮೀಸಲಿಡಬೇಕೆಂದು ನಮಗೆ ತೋರಿತು. ಕಾರಣವಿದೆ. ನೆರೆಹೊರೆಯ ಎರಡು ವೈರಿ ರಾಷ್ಟ್ರಗಳ ಬಳಿಯೂ ಅಣ್ವಸ್ತ್ರವಿದ್ದರೆ ಪರಸ್ಪರ ಭಯವೇ ಶಾಂತಿಯನ್ನು ಕಾಯುತ್ತದೆ ಎಂಬ ಮಾತು ನಮ್ಮಲ್ಲಿ ಈಗ ಪ್ರಶ್ನಾತೀತವಾಗಿ ಚಲಾವಣೆಯಲ್ಲಿದೆ. ಇಂಗ್ಲಿಷ್ ಬಲ್ಲವರು ಇದಕ್ಕೆ 'ಡಿಟರೆನ್ಸ್' ಎನ್ನುತ್ತಾರೆ. ನಾವು ಇಲ್ಲಿ 'ಭಯದ ತಡೆ' ಎಂದು ಕರೆಯೋಣ. ನಮ್ಮ ಧರ್ಮಕೇಂದ್ರಗಳ ಸಂಘಸಂಸ್ಥೆಗಳಲ್ಲಿ, ಮದುವೆಮನೆಯ ಹರಟೆಗಳಲ್ಲಿಯೂ ಈ ಮಾತು ಕೇಳಿಬರುತ್ತದೆ. ಬಾಂಬು ಇದ್ದುದರಿಂದಲೇ ನಾವು ಉಳಿದಿದ್ದೇವೆ ಎನ್ನುತ್ತಾರೆ. ನಮ್ಮ ಅಭಿಪ್ರಾಯ ಬೇರೆ. ಉಪಖಂಡದಲ್ಲಿ ಉಳಿದಿರುವ ಅಲ್ಪಸ್ವಲ್ಪ ಸ್ಥಿರತೆಯಲ್ಲಿ ಬಾಂಬಿನ ಪಾಲಿಗಿಂತ ಈ ಲಕೋಟೆಯಂತಹ ನೀರಸ ಕಾಗದಗಳ ಪಾಲು ದೊಡ್ಡದು, ಮತ್ತು ಆ ಕಾಗದಗಳನ್ನು ನಾವು ಅಲಕ್ಷಿಸುತ್ತಿದ್ದೇವೆ.

ಈ ಲಕೋಟೆಯ ಹಿಂದಿನ ಕಥೆಯನ್ನು ಮೊದಲು ಹೇಳಬೇಕು. 1981ರ ಜೂನ್ 7ರಂದು ಇಸ್ರೇಲಿನ ವಿಮಾನಗಳು ಬಾಗ್ದಾದಿನ ಸಮೀಪದ ಇರಾಕಿನ ಅಣುಸ್ಥಾವರವನ್ನು ಧ್ವಂಸಮಾಡಿದವು. ಅಂತಹದೇ ದಾಳಿ ತನ್ನ ಕಹೂಟಾ ಸ್ಥಾವರದ ಮೇಲೂ ನಡೆದೀತೆಂಬ ಆತಂಕ ಪಾಕಿಸ್ತಾನವನ್ನು ಕಾಡತೊಡಗಿತು. ಹಾಗೆ ನಡೆದರೆ ತನ್ನ ಸ್ಥಾವರಗಳಿಗೂ ಪ್ರತೀಕಾರ ತಟ್ಟೀತೆಂಬುದು ಭಾರತಕ್ಕೂ ತಿಳಿದಿತ್ತು. 1985ರ ಡಿಸೆಂಬರಿನಲ್ಲಿ ಜನರಲ್ ಜಿಯಾ ಉಲ್ ಹಕ್ ದೆಹಲಿಗೆ ಬಂದಾಗ, ಒಬ್ಬರ ಅಣುಸ್ಥಾವರದ ಮೇಲೆ ಇನ್ನೊಬ್ಬರು ಕೈಮಾಡುವುದಿಲ್ಲವೆಂದು ಅವರೂ ರಾಜೀವ್ ಗಾಂಧಿಯವರೂ ಮಾತು ಕೊಟ್ಟುಕೊಂಡರು. ಮಾತು ಕಾಗದಕ್ಕೆ ಇಳಿಯಲು ಮೂರು ವರ್ಷ ಹಿಡಿಯಿತು. 1988ರ ಡಿಸೆಂಬರ್ 31ರಂದು ಇಸ್ಲಾಮಾಬಾದಿನಲ್ಲಿ ಒಪ್ಪಂದಕ್ಕೆ ಸಹಿ ಬಿದ್ದಾಗ ಜಿಯಾ ಬದುಕಿರಲಿಲ್ಲ. ರಾಜೀವರ ಎದುರಿಗೆ ಇದ್ದವರು ಬೆನಜೀರ್ ಭುಟ್ಟೋ. ಒಪ್ಪಂದ ಜಾರಿಗೆ ಬಂದದ್ದು 1991ರ ಜನವರಿಯಲ್ಲಿ. ಅಂದಮೇಲೆ ಇದು ಪ್ರೀತಿಯಿಂದ ಹುಟ್ಟಿದ ಕಾಗದವಲ್ಲ. ಶುದ್ಧಾಂಗವಾಗಿ ಸಂಶಯದಿಂದಲೇ ಹುಟ್ಟಿತು. ಆದರೂ ಬದುಕಿತು.

ದೂರದ ದೆಹಲಿಯ ಸಂಗತಿ ನಮಗೇಕೆ ಎನ್ನುವ ಓದುಗರಿಗೆ ಒಂದು ಮಾತು. ಉತ್ತರ ಕನ್ನಡದ ಕಾಳಿ ನದಿಯ ದಂಡೆಯಲ್ಲಿ, ಕಾರವಾರ ತಾಲೂಕಿನ ಕೈಗಾದಲ್ಲಿ, ತಲಾ 220 ಮೆಗಾವಾಟಿನ ನಾಲ್ಕು ಅಣು ವಿದ್ಯುತ್ ಘಟಕಗಳಿವೆ. ಒಪ್ಪಂದದ ವ್ಯಾಖ್ಯೆಯಲ್ಲಿ ಅಣು ವಿದ್ಯುತ್ ಸ್ಥಾವರಗಳು ಸ್ಪಷ್ಟವಾಗಿ ಸೇರಿವೆ. ಪಟ್ಟಿಯನ್ನು ಪ್ರಕಟಿಸುವ ಪದ್ಧತಿ ಇಲ್ಲ. ಆದರೆ ವ್ಯಾಖ್ಯೆಯ ಪ್ರಕಾರ ಕೈಗಾ ಆ ರಕ್ಷೆಯ ಒಳಗೆ ಬರುತ್ತದೆ. ಕಾರವಾರದ ಕಡಲಲ್ಲಿ ನೌಕಾಪಡೆಯ ಕದಂಬ ನೆಲೆಯೂ ಇದೆ. ನಮ್ಮ ಕರಾವಳಿ ಯುದ್ಧಭೂಮಿಯಿಂದ ದೂರವಿದೆ ಎಂಬ ನೆಮ್ಮದಿ ನಮ್ಮ ಅಜ್ಜಂದಿರ ಕಾಲಕ್ಕೆ ಸರಿಯಾಗಿತ್ತು. ಕ್ಷಿಪಣಿಯ ಕಾಲಕ್ಕೆ ಅದು ಸಲ್ಲದು.

ಈಗ ಭಯದ ತಡೆಯ ವಿಚಾರಕ್ಕೆ ಬರೋಣ.

1998ರ ಮೇ 11 ಮತ್ತು 13ರಂದು ಭಾರತ ಪೋಖರಣದಲ್ಲಿ ಅಣುಪರೀಕ್ಷೆ ನಡೆಸಿತು. ಅದೇ ತಿಂಗಳ 28 ಮತ್ತು 30ರಂದು ಪಾಕಿಸ್ತಾನ ಬಲೂಚಿಸ್ತಾನದಲ್ಲಿ ತನ್ನ ಪರೀಕ್ಷೆಗಳನ್ನು ನಡೆಸಿತು. ಎರಡೂ ದೇಶಗಳ ಬೀದಿಗಳಲ್ಲಿ ಸಿಹಿ ಹಂಚಿ ಪಟಾಕಿ ಸಿಡಿಸಿದರು. ಆಗ ರಕ್ಷಣಾ ಸಚಿವರಾಗಿದ್ದವರು ನಮ್ಮ ಮಂಗಳೂರಿನ ಜಾರ್ಜ್ ಫೆರ್ನಾಂಡಿಸರು. ತಾರುಣ್ಯದಲ್ಲಿ ಗುರುಮಠದಲ್ಲಿ ಕಲಿತು ಹೊರಬಂದವರು, ಒಂದು ಕಾಲಕ್ಕೆ ಅಣ್ವಸ್ತ್ರ ವಿರೋಧಿಗಳ ಸಾಲಿನಲ್ಲಿ ಗುರುತಿಸಿಕೊಂಡವರು. ಸಚಿವ ಸ್ಥಾನದಲ್ಲಿ ಅವರು ತಳೆದ ನಿಲುವಿನ ಬಗ್ಗೆ ನಮ್ಮ ಸಮುದಾಯದಲ್ಲಿ ಹೆಮ್ಮೆ, ಮುಜುಗರ ಎರಡೂ ಇದ್ದವು. ಅವರು 2019ರ ಜನವರಿಯಲ್ಲಿ ತೀರಿಕೊಂಡರು. ಆ ಚರ್ಚೆಯನ್ನು ಈಗ ಕೆದಕುವುದು ನಮ್ಮ ಉದ್ದೇಶವಲ್ಲ. ಅವರ ಒಂದು ಮಾತು ಮಾತ್ರ ಇಲ್ಲಿ ಪ್ರಸ್ತುತ. ಕಾರ್ಗಿಲ್ ಯುದ್ಧ ಮುಗಿದ ಆರು ತಿಂಗಳಿಗೆ, 2000ದ ಜನವರಿಯಲ್ಲಿ, ದೆಹಲಿಯ ರಕ್ಷಣಾ ಅಧ್ಯಯನ ಸಂಸ್ಥೆಯೊಂದರಲ್ಲಿ ಮಾತನಾಡುತ್ತಾ ಅವರು, ಅಣ್ವಸ್ತ್ರವು ಅಣ್ವಸ್ತ್ರದ ಬಳಕೆಯನ್ನಷ್ಟೇ ತಡೆಯಬಲ್ಲದು, ಯುದ್ಧವನ್ನೇ ತಡೆಯಲಾರದು ಎಂಬರ್ಥದ ಮಾತು ಹೇಳಿದರು. ಬಾಂಬಿನ ಯಜಮಾನಿಕೆ ವಹಿಸಿದ್ದ ಸಚಿವರೇ ಆಡಿದ ಈ ಮಾತನ್ನು ಬಾಂಬಿನ ಭಕ್ತರು ಇಂದಿಗೂ ಸರಿಯಾಗಿ ಕೇಳಿಸಿಕೊಂಡಿಲ್ಲ.

ಏಕೆಂದರೆ ಇತಿಹಾಸ ಅದನ್ನೇ ತೋರಿಸಿದೆ. 1999ರ ಫೆಬ್ರವರಿಯಲ್ಲಿ ವಾಜಪೇಯಿಯವರು ಬಸ್ಸಿನಲ್ಲಿ ಲಾಹೋರಿಗೆ ಹೋಗಿ ಘೋಷಣೆಗೆ ಸಹಿ ಹಾಕಿ ಬಂದರು. ಮೇ ತಿಂಗಳಲ್ಲಿ ಕಾರ್ಗಿಲಿನ ಶಿಖರಗಳ ಮೇಲೆ ಪಾಕಿಸ್ತಾನದ ಸೈನಿಕರು ಕುಳಿತಿರುವುದು ಬೆಳಕಿಗೆ ಬಂತು. ಆ ಯುದ್ಧದಲ್ಲಿ 527 ಮಂದಿ ಭಾರತೀಯ ಯೋಧರು ಮಡಿದರು. ನಮ್ಮ ಬಳಿ ಬಾಂಬು ಇದೆ, ಭಾರತ ಪೂರ್ಣ ಯುದ್ಧಕ್ಕೆ ಇಳಿಯಲಾರದು ಎಂಬ ಲೆಕ್ಕಾಚಾರವೇ ಆ ದುಸ್ಸಾಹಸಕ್ಕೆ ಧೈರ್ಯ ಕೊಟ್ಟಿತೆಂದು ಅನೇಕ ಪಂಡಿತರು ವಾದಿಸಿದ್ದಾರೆ. ಅಮೆರಿಕದ ಗ್ಲೆನ್ ಸ್ನೈಡರ್ ಎಂಬ ವಿದ್ವಾಂಸರು 1965ರಲ್ಲೇ ಈ ವಿರೋಧಾಭಾಸವನ್ನು ಗುರುತಿಸಿದ್ದರು. ಮೇಲಿನ ಅಂತಸ್ತು ಭದ್ರವಾಗಿದೆ ಎಂಬ ನಂಬಿಕೆ ಹುಟ್ಟಿದೊಡನೆ ಕೆಳಗಿನ ಅಂತಸ್ತಿನಲ್ಲಿ ಬಡಿದಾಟ ಹೆಚ್ಚುತ್ತದೆ ಎಂಬುದು ಅದರ ತಾತ್ಪರ್ಯ. ಮಹಾಯುದ್ಧ ಆಗಲಾರದೆಂಬ ಧೈರ್ಯವೇ ಸಣ್ಣ ಯುದ್ಧಗಳ ತಾಯಿ.

ಮುಂದಿನದನ್ನು ಓದುಗರು ಬಲ್ಲರು. 2001ರ ಡಿಸೆಂಬರ್ 13ರ ಸಂಸತ್ತಿನ ಮೇಲಣ ದಾಳಿ, ಅದರ ಬೆನ್ನಿಗೆ ಗಡಿಯಲ್ಲಿ ಸುಮಾರು ಹತ್ತು ತಿಂಗಳ ಸೇನಾ ಜಮಾವಣೆ. 2008ರ ನವೆಂಬರಿನ ಮುಂಬಯಿ. 2019ರ ಫೆಬ್ರವರಿಯ ಪುಲ್ವಾಮ ಮತ್ತು ಬಾಲಾಕೋಟ್. 2025ರ ಏಪ್ರಿಲ್ 21ರಂದು ಜಗದ್ಗುರು ಫ್ರಾನ್ಸಿಸರು ನಿಧನರಾದರು; ನಮ್ಮ ದೇವಾಲಯಗಳಲ್ಲಿ ಅವರಿಗಾಗಿ ಗಂಟೆ ಬಾರಿಸಿದ ಮರುದಿನವೇ ಪಹಲ್ಗಾಮಿನಿಂದ ಸುದ್ದಿ ಬಂತು. ನಮ್ಮ ರಾಜ್ಯದವರೂ ಸೇರಿದಂತೆ 26 ಮಂದಿ ನಿರಪರಾಧಿಗಳನ್ನು ಅಲ್ಲಿ ಕೊಲ್ಲಲಾಗಿತ್ತು. ಮೇ 7ರಂದು ಭಾರತ ಪ್ರತೀಕಾರಕ್ಕೆ ಇಳಿಯಿತು, ನಾಲ್ಕು ದಿನ ಎರಡು ಅಣ್ವಸ್ತ್ರ ರಾಷ್ಟ್ರಗಳು ಕ್ಷಿಪಣಿ, ಡ್ರೋನುಗಳಿಂದ ಹೊಡೆದಾಡಿದವು.

ಇವೆಲ್ಲವೂ ಅಣುಯುದ್ಧವಾಗದೆ ನಿಂತದ್ದೇ ಭಯದ ತಡೆಯ ಯಶಸ್ಸಲ್ಲವೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದುದು. ಕಾರ್ಗಿಲಿನಲ್ಲಿ ಗಡಿ ನಿಯಂತ್ರಣ ರೇಖೆಯನ್ನು ದಾಟಬಾರದೆಂದು ವಾಜಪೇಯಿ ಸರಕಾರ ತನ್ನ ಸೇನೆಗೆ ವಿಧಿಸಿದ ಕಟ್ಟುಪಾಡಿನ ಹಿಂದೆ ಅಣ್ವಸ್ತ್ರದ ನೆರಳು ಇರಲೇ ಇಲ್ಲ ಎಂದು ನಾವು ಹೇಳುವುದಿಲ್ಲ. ಭಯಕ್ಕೆ ಕೈ ಹಿಡಿದು ನಿಲ್ಲಿಸುವ ಶಕ್ತಿ ಇದೆ. ಆದರೆ ಪ್ರತಿಬಾರಿಯೂ ಹೊಡೆದಾಟ ಹಿಂದಿನದಕ್ಕಿಂತ ಒಂದು ಮೆಟ್ಟಿಲು ಮೇಲೇರಿದೆ ಎಂಬುದನ್ನೂ ಗಮನಿಸಬೇಕು. 1999ರಲ್ಲಿ ದಾಟದ ರೇಖೆಯನ್ನು 2019ರಲ್ಲಿ ವಿಮಾನಗಳು ದಾಟಿದವು. 2025ರಲ್ಲಿ ಕ್ಷಿಪಣಿಗಳು ಪಂಜಾಬ್ ಪ್ರಾಂತ್ಯದ ಒಳನಾಡಿನ ವಾಯುನೆಲೆಗಳನ್ನು ತಲುಪಿದವು. ಯಾವ ಮೆಟ್ಟಿಲಿನಲ್ಲಿ ಎದುರಾಳಿಯ ಸಹನೆ ತೀರುವುದೆಂದು ಮೊದಲೇ ಬಲ್ಲವರು ಯಾರೂ ಇಲ್ಲ. ಭಾರತ ಮೊದಲು ಅಣ್ವಸ್ತ್ರ ಬಳಸುವುದಿಲ್ಲವೆಂದು 2003ರ ಜನವರಿಯಲ್ಲಿ ಅಧಿಕೃತವಾಗಿ ಸಾರಿದೆ. ಪಾಕಿಸ್ತಾನ ಅಂತಹ ವಚನ ಕೊಟ್ಟಿಲ್ಲ. ಕೊಡದಿರುವುದೇ ಅದರ ನೀತಿ. 2011ರಲ್ಲಿ ಅದು ಮೊದಲ ಬಾರಿಗೆ ಪರೀಕ್ಷಿಸಿದ ನಸ್ರ್ ಕ್ಷಿಪಣಿಯ ವ್ಯಾಪ್ತಿ ಕೇವಲ 60 ಕಿಲೋಮೀಟರ್. ರಣಾಂಗಣದಲ್ಲಿಯೇ ಬಳಸಲೆಂದು ಮಾಡಿದ ಅಣ್ವಸ್ತ್ರವದು. ಸ್ಟಾಕ್‌ಹೋಮಿನ ಶಾಂತಿ ಸಂಶೋಧನಾ ಸಂಸ್ಥೆಯ ಅಂದಾಜಿನಂತೆ 2025ರ ಆರಂಭದಲ್ಲಿ ಭಾರತದ ಬಳಿ ಸುಮಾರು 180, ಪಾಕಿಸ್ತಾನದ ಬಳಿ ಸುಮಾರು 170 ಅಣು ಸಿಡಿತಲೆಗಳಿದ್ದವು.

ಭಯದ ತಡೆಯ ಸಿದ್ಧಾಂತಕ್ಕೆ ಇನ್ನೊಂದು ದೌರ್ಬಲ್ಯವಿದೆ. ನಮ್ಮ ದೃಷ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡದು ಅದೇ. ಅಧಿಕಾರದಲ್ಲಿರುವವರು ಸದಾ ವಿವೇಕಿಗಳು, ಯಂತ್ರಗಳು ಸದಾ ಸರಿಯಾಗಿ ನಡೆಯುತ್ತವೆ ಎಂದು ಅದು ನಂಬುತ್ತದೆ. ಮನುಷ್ಯ ಪತನಶೀಲನೆಂದು ಬಾಲ್ಯದಿಂದಲೇ ಕಲಿತು ಬಂದ ನಾವಾದರೂ ಇದನ್ನು ಸುಲಭವಾಗಿ ನಂಬಬಾರದು. 1962ರ ಅಕ್ಟೋಬರ್ 27ರಂದು ಕ್ಯೂಬಾದ ಬಳಿ ಸಮುದ್ರದ ಅಡಿಯಲ್ಲಿದ್ದ ಸೋವಿಯತ್ ಜಲಾಂತರ್ಗಾಮಿಯೊಂದರ ಮೇಲೆ ಅಮೆರಿಕದ ಹಡಗುಗಳು ಎಚ್ಚರಿಕೆಯ ಸಿಡಿಗುಂಡುಗಳನ್ನು ಹಾಕಿದವು. ಮೇಲೆ ಯುದ್ಧ ಆರಂಭವಾಗಿದೆಯೋ ಇಲ್ಲವೋ ಒಳಗಿನವರಿಗೆ ತಿಳಿಯದು. ಅಣು ಟಾರ್ಪಿಡೋ ಹಾರಿಸಲು ನಾಯಕ ಸಿದ್ಧನಾದಾಗ ವಾಸಿಲಿ ಅರ್ಖಿಪೋವ್ ಎಂಬ ಅಧಿಕಾರಿ ಒಪ್ಪಲಿಲ್ಲ. 1983ರ ಸೆಪ್ಟೆಂಬರ್ 26ರಂದು ಸೋವಿಯತ್ ಎಚ್ಚರಿಕೆ ಕೇಂದ್ರದ ಗಣಕಯಂತ್ರ ಅಮೆರಿಕದಿಂದ ಐದು ಕ್ಷಿಪಣಿಗಳು ಹೊರಟಿವೆಯೆಂದು ತಿಳಿಸಿತು. ಕರ್ತವ್ಯದಲ್ಲಿದ್ದ ಸ್ತಾನಿಸ್ಲಾವ್ ಪೆತ್ರೋವ್ ಅದನ್ನು ನಂಬದೆ ಸುಳ್ಳು ಎಚ್ಚರಿಕೆಯೆಂದು ವರದಿ ಮಾಡಿದರು. ಮೋಡಗಳ ಮೇಲೆ ಬಿದ್ದ ಬಿಸಿಲು ಉಪಗ್ರಹಕ್ಕೆ ಬೆಂಕಿಯಂತೆ ಕಂಡಿತ್ತು. ಈ ಎರಡು ದಿನ ಜಗತ್ತನ್ನು ಉಳಿಸಿದ್ದು ಸಿದ್ಧಾಂತವಲ್ಲ, ಆಜ್ಞೆಗೆ ಕೂಡಲೇ ತಲೆಬಾಗದ ಇಬ್ಬರು ಮನುಷ್ಯರು.

ಅಮೆರಿಕ ರಷ್ಯಗಳ ನಡುವೆ ಸಾಗರ ಖಂಡಗಳ ಅಂತರವಿದೆ. ಅಲ್ಲಿಂದ ಇಲ್ಲಿಗೆ ಕ್ಷಿಪಣಿ ತಲುಪಲು ಸುಮಾರು ಅರ್ಧ ಗಂಟೆ ಬೇಕು. ಆ ಅರ್ಧ ಗಂಟೆಯಲ್ಲಿ ಒಬ್ಬ ಪೆತ್ರೋವ್ ಯೋಚಿಸಬಹುದು. ನಮ್ಮದು ಒಂದೇ ಗೋಡೆಯ ಎರಡು ಮನೆ. ಲಾಹೋರಿನಿಂದ ಅಮೃತಸರಕ್ಕೆ ಮಂಗಳೂರಿನಿಂದ ಉಡುಪಿಗೆ ಇರುವಷ್ಟೇ ದೂರ. ಇಲ್ಲಿ ಯೋಚನೆಗೆ ಉಳಿಯುವುದು ಹತ್ತು ನಿಮಿಷಕ್ಕೂ ಕಡಿಮೆ. ಒಂದು ಪರಲೋಕ ಮಂತ್ರದ ಜಪಸರ ಮುಗಿಸಲೂ ಸಾಲದ ವೇಳೆ.

ಅವಘಡಗಳು ನಮ್ಮಲ್ಲೂ ಆಗಿವೆ. 2019ರ ಫೆಬ್ರವರಿ 27ರಂದು ವಾಯುಸಂಘರ್ಷದ ಗದ್ದಲದಲ್ಲಿ ಕಾಶ್ಮೀರದ ಬಡಗಾಮಿನಲ್ಲಿ ನಮ್ಮದೇ ಹೆಲಿಕಾಪ್ಟರನ್ನು ನಮ್ಮದೇ ಕ್ಷಿಪಣಿ ಹೊಡೆದುರುಳಿಸಿತು. ಆರು ಮಂದಿ ವಾಯುಪಡೆಯವರೂ ನೆಲದಲ್ಲಿದ್ದ ಒಬ್ಬ ನಾಗರಿಕರೂ ಸತ್ತರು. ಅದಕ್ಕಿಂತ ಹೆಚ್ಚು ಯೋಚಿಸಬೇಕಾದದ್ದು 2022ರ ಮಾರ್ಚ್ 9ರ ಸಂಗತಿ. ಅಂದು ಸಂಜೆ ಭಾರತದ ಒಂದು ಬ್ರಹ್ಮೋಸ್ ಕ್ಷಿಪಣಿ ಯಾರ ಆಜ್ಞೆಯೂ ಇಲ್ಲದೆ ಹಾರಿ, ಪಾಕಿಸ್ತಾನದೊಳಕ್ಕೆ ನೂರು ಕಿಲೋಮೀಟರಿಗೂ ಮಿಕ್ಕಿ ಸಾಗಿ, ಮಿಯಾಂ ಚನ್ನು ಎಂಬ ಊರಿನ ಬಳಿ ಬಿತ್ತು. ಅದರಲ್ಲಿ ಸಿಡಿತಲೆ ಇರಲಿಲ್ಲ, ಯಾರೂ ಸಾಯಲಿಲ್ಲ. ತಪ್ಪಾಗಿದೆ, ವಿಷಾದಿಸುತ್ತೇವೆ ಎಂಬ ಭಾರತದ ಹೇಳಿಕೆ ಬಂದದ್ದು ಮಾರ್ಚ್ 11ರಂದು, ಎರಡು ದಿನಗಳ ತರುವಾಯ. ಆಗಸ್ಟಿನಲ್ಲಿ ವಾಯುಪಡೆಯ ಮೂವರು ಅಧಿಕಾರಿಗಳನ್ನು ಸೇವೆಯಿಂದ ವಜಾ ಮಾಡಲಾಯಿತು. ಅದು ಶಾಂತಿಯ ಕಾಲವಾಗಿತ್ತು, ಎದುರು ಪಕ್ಷ ಸಹನೆಯಿಂದಿತ್ತು. ಅದೇ ಕ್ಷಿಪಣಿ 2025ರ ಮೇ 9ರ ರಾತ್ರಿ ಹಾಗೆಯೇ ದಾರಿತಪ್ಪಿ ಹಾರಿದ್ದರೆ? ಈ ಪ್ರಶ್ನೆಗೆ ಭಯದ ತಡೆಯ ಬಳಿ ಉತ್ತರವಿಲ್ಲ. ಭಯವು ಆಕಸ್ಮಿಕವನ್ನು ತಡೆಯಲಾರದು. ಆಕಸ್ಮಿಕವನ್ನು ಅಪಾರ್ಥಮಾಡಿಕೊಳ್ಳಲು ಮಾತ್ರ ನೆರವಾಗುತ್ತದೆ.

ಆ ನಾಲ್ಕು ದಿನಗಳ ಹೊಡೆದಾಟ ನಿಂತದ್ದು ಹೇಗೆ? ಮೇ 10ರ ಮಧ್ಯಾಹ್ನ 3 ಗಂಟೆ 35 ನಿಮಿಷಕ್ಕೆ ಪಾಕಿಸ್ತಾನದ ಸೇನಾ ಕಾರ್ಯಾಚರಣೆಗಳ ಮಹಾನಿರ್ದೇಶಕರು ಭಾರತದ ಮಹಾನಿರ್ದೇಶಕರಿಗೆ ದೂರವಾಣಿ ಕರೆ ಮಾಡಿದರು. ಸಂಜೆ ಐದಕ್ಕೆ ಗುಂಡು ನಿಲ್ಲಿಸುವುದೆಂದು ಮಾತಾಯಿತು. ಮಧ್ಯಸ್ಥಿಕೆಯ ಕೀರ್ತಿ ಯಾರದೆಂಬ ಜಗಳ ಇನ್ನೂ ಮುಗಿದಿಲ್ಲ, ಅದು ನಮಗೆ ಬೇಕಾಗಿಯೂ ಇಲ್ಲ. ಆ ದೂರವಾಣಿ ಸಂಪರ್ಕ 1971ರ ಯುದ್ಧದ ನಂತರ ಏರ್ಪಟ್ಟದ್ದು ಎಂಬುದಷ್ಟೇ ನಮಗೆ ಮುಖ್ಯ. ಅದೇ ದಿನಗಳಲ್ಲಿ ಪಾಕಿಸ್ತಾನದ ಕಿರಾನಾ ಬೆಟ್ಟದ ಅಣು ಉಗ್ರಾಣದ ಮೇಲೆ ಭಾರತ ಬಾಂಬು ಹಾಕಿದೆಯೆಂಬ ವದಂತಿ ಹಬ್ಬಿತು. ಭಾರತೀಯ ವಾಯುಪಡೆ ಅದನ್ನು ಮೇ 12ರಂದೇ ನಿರಾಕರಿಸಿತು. ಪಾಕಿಸ್ತಾನದ ಯಾವ ಸ್ಥಾವರದಿಂದಲೂ ವಿಕಿರಣ ಸೋರಿಲ್ಲವೆಂದು ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ ಸ್ಪಷ್ಟಪಡಿಸಿತು. ವದಂತಿಯನ್ನು ಎರಡೂ ಸರಕಾರಗಳು ಬೆಳೆಯಲು ಬಿಡದಿರಲು ಹಲವು ಕಾರಣಗಳಿದ್ದಿರಬಹುದು. ಜನವರಿ ಒಂದರಂದು ಕೊಟ್ಟು ತೆಗೆದುಕೊಂಡ ಪಟ್ಟಿ ಅವುಗಳಲ್ಲೊಂದು ಎಂದರೆ ಅತಿಶಯೋಕ್ತಿಯಾಗಲಾರದು.

ಮೇ 8ರಂದು ಹದಿನಾಲ್ಕನೇ ಲಿಯೋ ಅವರು ಜಗದ್ಗುರುಗಳಾಗಿ ಆಯ್ಕೆಯಾದರು. ಭಾನುವಾರ 11ರಂದು ಸಂತ ಪೇತ್ರರ ಚೌಕದಲ್ಲಿ ನೆರೆದ ಜನರಿಗೆ ನೀಡಿದ ಮೊದಲ ಭಾನುವಾರದ ಸಂದೇಶದಲ್ಲಿಯೇ ಅವರು ಭಾರತ ಪಾಕಿಸ್ತಾನಗಳ ಕದನವಿರಾಮವನ್ನು ಸ್ವಾಗತಿಸಿದರು. ಧರ್ಮಸಭೆಯು ಈ ವಿಷಯದಲ್ಲಿ ಇಟ್ಟಿರುವ ಹೆಜ್ಜೆಗಳನ್ನು ಇಲ್ಲಿ ಸ್ಮರಿಸುವುದು ಉಚಿತ. ಕ್ಯೂಬಾದ ಬಿಕ್ಕಟ್ಟಿನ ನಡುವೆ, 1962ರ ಅಕ್ಟೋಬರ್ 25ರಂದು, ಇಪ್ಪತ್ತಮೂರನೇ ಜಾನರು ಆಕಾಶವಾಣಿಯ ಮೂಲಕ ಇಬ್ಬರು ನಾಯಕರಿಗೂ ಮಾತುಕತೆಯ ಮೊರೆಯಿಟ್ಟರು. ಮರುವರ್ಷದ ಏಪ್ರಿಲಿನಲ್ಲಿ, ಮರಣಕ್ಕೆ ಎರಡು ತಿಂಗಳೂ ಇಲ್ಲದಿರುವಾಗ, 'ಪಾಚೆಮ್ ಇನ್ ತೆರ್ರಿಸ್' ವಿಶ್ವಪರಿಪತ್ರವನ್ನು ಹೊರಡಿಸಿದರು. ಶಸ್ತ್ರಾಸ್ತ್ರಗಳ ಸಮತೋಲ ಶಾಂತಿಯಲ್ಲ, ಪರಸ್ಪರ ವಿಶ್ವಾಸವೊಂದೇ ಶಾಂತಿಗೆ ಆಧಾರ ಎಂಬುದು ಅದರ ಸಾರಗಳಲ್ಲೊಂದು. ಊರಿಗೆ ಊರನ್ನೇ ನಾಶಮಾಡುವ ಯುದ್ಧಕೃತ್ಯವನ್ನು ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ದೇವರಿಗೂ ಮನುಷ್ಯನಿಗೂ ವಿರುದ್ಧವಾದ ಅಪರಾಧವೆಂದು ಖಂಡಿಸಿತು.

ಆದರೆ ಅಣ್ವಸ್ತ್ರವನ್ನು ಬಳಸದೆ, ಬೆದರಿಕೆಗೆಂದು ಮಾತ್ರ ಇಟ್ಟುಕೊಳ್ಳುವುದರ ವಿಚಾರವೇನು? 1982ರ ಜೂನ್ ತಿಂಗಳಲ್ಲಿ ವಿಶ್ವಸಂಸ್ಥೆಗೆ ಕಳುಹಿಸಿದ ಸಂದೇಶದಲ್ಲಿ ಎರಡನೇ ಜಾನ್ ಪೌಲರು ಬಹಳ ತೂಕದ ಮಾತೊಂದನ್ನು ಹೇಳಿದರು. ಭಯದ ತಡೆಯೇ ಗುರಿಯಾಗದೆ, ಹಂತಹಂತವಾದ ನಿಶ್ಶಸ್ತ್ರೀಕರಣದ ದಾರಿಯ ಒಂದು ಮೆಟ್ಟಿಲಾಗಿದ್ದರೆ ಮಾತ್ರ ಅದನ್ನು ಸದ್ಯಕ್ಕೆ ನೈತಿಕವಾಗಿ ಸಹಿಸಬಹುದು ಎಂಬುದು ಅದರ ತಿರುಳು. ನಮ್ಮಲ್ಲಿ ಬಾಂಬನ್ನು ಸಮರ್ಥಿಸುವ ಕೆಲವರು ಈ ವಾಕ್ಯದ ಕೊನೆಯ ಅರ್ಧವನ್ನು ಮಾತ್ರ ಉದ್ಧರಿಸುತ್ತಾರೆ. ಮೊದಲಿನ ಅರ್ಧದಲ್ಲಿರುವುದು ಷರತ್ತು. ಆ ಷರತ್ತು ನೆರವೇರಿತೇ? ಮೂವತ್ತೈದು ವರ್ಷ ಕಾದ ಮೇಲೆ, 2017ರ ನವೆಂಬರಿನಲ್ಲಿ, ಜಗದ್ಗುರು ಫ್ರಾನ್ಸಿಸರು ಅಣ್ವಸ್ತ್ರವನ್ನು ಇಟ್ಟುಕೊಳ್ಳುವುದನ್ನೇ ಖಂಡಿಸಬೇಕೆಂದರು. 2019ರ ನವೆಂಬರ್ 24ರಂದು ಹಿರೋಶಿಮಾದಲ್ಲಿ ನಿಂತು ಅದನ್ನೇ ಪುನರುಚ್ಚರಿಸಿದರು. ಅಣ್ವಸ್ತ್ರ ನಿಷೇಧ ಒಡಂಬಡಿಕೆಗೆ ವ್ಯಾಟಿಕನ್ 2017ರ ಸೆಪ್ಟೆಂಬರಿನಲ್ಲಿ, ಸಹಿಗೆ ತೆರೆದ ಮೊದಲ ದಿನವೇ, ಸಹಿ ಹಾಕಿ ಅನುಮೋದನೆಯನ್ನೂ ನೀಡಿತು. ಭಾರತವಾಗಲಿ ಪಾಕಿಸ್ತಾನವಾಗಲಿ ಅದನ್ನು ಸೇರಿಲ್ಲ.

ಇದನ್ನು ಬರೆಯುವಾಗ ನಮಗೊಂದು ಅಳುಕು ಇಲ್ಲದಿಲ್ಲ. ಬಾಂಬನ್ನು ಪ್ರಶ್ನಿಸಿದವರ ದೇಶಭಕ್ತಿಯನ್ನು ಪ್ರಶ್ನಿಸುವ ಕಾಲವಿದು. ಅಲ್ಪಸಂಖ್ಯಾತ ಸಮುದಾಯದ ಅಂಕಣದಲ್ಲಿ ಈ ಮಾತು ಬಂದರೆ ಇನ್ನಷ್ಟು ಬೇಗ ಪ್ರಶ್ನಿಸುವರು. ನಮ್ಮ ಮನೆಗಳಿಂದಲೂ ಸೇನೆಗೆ ಮಕ್ಕಳು ಹೋಗಿದ್ದಾರೆ, ಯುದ್ಧದ ಸುದ್ದಿ ಬಂದ ರಾತ್ರಿ ಆ ಮನೆಗಳಲ್ಲಿ ಯಾರೂ ನಿದ್ರಿಸುವುದಿಲ್ಲ ಎಂದಷ್ಟೇ ಹೇಳಿ ಮುಂದುವರಿಯುತ್ತೇವೆ. ನಮ್ಮ ದೇಶ ನಾಳೆ ಬೆಳಿಗ್ಗೆಯೇ ಏಕಪಕ್ಷೀಯವಾಗಿ ಅಣ್ವಸ್ತ್ರಗಳನ್ನು ಕಡಲಿಗೆ ಎಸೆಯಬೇಕೆಂದು ನಾವು ಕೇಳುತ್ತಿಲ್ಲ. ಉತ್ತರದಲ್ಲಿ ಚೀನಾ ಇರುವಾಗ, ನೆರೆಯಲ್ಲಿ ಮೊದಲ ಬಳಕೆಯ ಹಕ್ಕನ್ನು ಬಿಡದ ರಾಷ್ಟ್ರವಿರುವಾಗ ಯಾವ ಸರಕಾರವೂ ಅದನ್ನು ಮಾಡದು. ಷರತ್ತಿನ ಕಡೆಗೆ ಒಂದಾದರೂ ಹೆಜ್ಜೆ ಇಟ್ಟಿದ್ದೇವೆಯೇ ಎಂಬುದು ನಮ್ಮ ಪ್ರಶ್ನೆ.

ಹೆಜ್ಜೆ ಇಟ್ಟ ನೆರೆಹೊರೆಯವರಿದ್ದಾರೆ. ದಕ್ಷಿಣ ಅಮೆರಿಕದ ಬ್ರೆಜಿಲ್ ಮತ್ತು ಅರ್ಜೆಂಟೀನಾ ಬಹುಕಾಲದ ಪ್ರತಿಸ್ಪರ್ಧಿಗಳು. ಎರಡೂ ಕಡೆ ಸೇನಾಡಳಿತವಿದ್ದಾಗ ಎರಡೂ ದೇಶಗಳು ಯುರೇನಿಯಂ ಸಂವರ್ಧನೆಯ ತಂತ್ರಜ್ಞಾನವನ್ನು ಗುಟ್ಟಿನಲ್ಲಿ ಬೆಳೆಸುತ್ತಿದ್ದವು. ಪ್ರಜಾಪ್ರಭುತ್ವ ಮರಳಿದ ಮೇಲೆ, 1985ರ ನವೆಂಬರಿನಲ್ಲಿ, ಅಧ್ಯಕ್ಷರಾದ ಅಲ್ಫೋನ್ಸಿನ್ ಮತ್ತು ಸಾರ್ನೆ ಗಡಿಯ ಇಗುವಾಸು ಪಟ್ಟಣದಲ್ಲಿ ಭೇಟಿಯಾಗಿ ಅಣುಶಕ್ತಿಯ ಶಾಂತಿಯುತ ಬಳಕೆಯ ಕುರಿತು ಘೋಷಣೆಗೆ ಸಹಿ ಹಾಕಿದರು. 1987ರಲ್ಲಿ ಅರ್ಜೆಂಟೀನಾ ತನ್ನ ಪಿಲ್ಕಾನಿಯೆವು ಸ್ಥಾವರವನ್ನು ಬ್ರೆಜಿಲಿನ ಅಧ್ಯಕ್ಷರಿಗೆ ತೆರೆದು ತೋರಿಸಿತು, ಮರುವರ್ಷ ಬ್ರೆಜಿಲ್ ತನ್ನದನ್ನು ತೋರಿಸಿತು. 1991ರಲ್ಲಿ ಎರಡೂ ಸೇರಿ ಜಂಟಿ ತಪಾಸಣಾ ಸಂಸ್ಥೆಯೊಂದನ್ನು ಕಟ್ಟಿದವು. ಬ್ರೆಜಿಲಿನವರು ಅರ್ಜೆಂಟೀನಾದ ಸ್ಥಾವರವನ್ನು ಪರೀಕ್ಷಿಸುತ್ತಾರೆ, ಅರ್ಜೆಂಟೀನಾದವರು ಬ್ರೆಜಿಲಿನದನ್ನು. ಈಗಲೂ ಅದು ನಡೆಯುತ್ತಿದೆ. ಅವರು ಬಾಂಬು ಮಾಡುವ ಮೊದಲೇ ನಿಂತರು. ಅವರ ನಡುವೆ 1947ರ ರಕ್ತವೂ ಇರಲಿಲ್ಲ, ಕಾಶ್ಮೀರವೂ ಇರಲಿಲ್ಲ. ಹೋಲಿಕೆ ಪೂರ್ತಿಯಾಗಿ ಕೂಡುವುದಿಲ್ಲ, ಒಪ್ಪುತ್ತೇವೆ. ಆದರೂ 1988ರ ನಮ್ಮ ಒಪ್ಪಂದ ಮತ್ತು ಅವರ ಸ್ಥಾವರ ಭೇಟಿಗಳು ಒಂದೇ ಕಾಲದವು. ಅವರು ಅಲ್ಲಿಂದ ಮುಂದೆ ನಡೆದರು, ನಾವು ಲಕೋಟೆಯಲ್ಲಿ ನಿಂತೆವು.

ಪೂರ್ತಿ ನಿಂತೆವೆಂದರೂ ತಪ್ಪಾದೀತು. 1999ರ ಲಾಹೋರ್ ತಿಳಿವಳಿಕೆ ಪತ್ರದಲ್ಲಿ ಒಳ್ಳೆಯ ಸಂಕಲ್ಪಗಳಿದ್ದವು. ಅದರ ಫಲವಾಗಿ 2005ರ ಅಕ್ಟೋಬರಿನಲ್ಲಿ ಬ್ಯಾಲಿಸ್ಟಿಕ್ ಕ್ಷಿಪಣಿಗಳ ಪರೀಕ್ಷೆಯನ್ನು ಕನಿಷ್ಠ ಮೂರು ದಿನ ಮುಂಚಿತವಾಗಿ ತಿಳಿಸುವ ಒಪ್ಪಂದವಾಯಿತು. 2007ರಲ್ಲಿ ಅಣ್ವಸ್ತ್ರಗಳಿಗೆ ಸಂಬಂಧಿಸಿದ ಅವಘಡವಾದರೆ ಕೂಡಲೇ ತಿಳಿಸುವ ಒಪ್ಪಂದವಾಯಿತು. ಆಮೇಲೆ ಈ ದಾರಿಯಲ್ಲಿ ಹೊಸ ಕಾಗದವೇ ಹುಟ್ಟಲಿಲ್ಲ. 2022ರ ಮಾರ್ಚಿನ ಆ ಕ್ಷಿಪಣಿಯನ್ನು ಮತ್ತೊಮ್ಮೆ ನೆನಪಿಸಿಕೊಳ್ಳಿರಿ. ಬ್ರಹ್ಮೋಸ್ ಬ್ಯಾಲಿಸ್ಟಿಕ್ ಅಲ್ಲ, ಕ್ರೂಸ್ ಕ್ಷಿಪಣಿ; ಆದುದರಿಂದ 2005ರ ಒಪ್ಪಂದದ ವ್ಯಾಪ್ತಿಗೆ ಆ ಜಾತಿಯ ಕ್ಷಿಪಣಿಗಳೇ ಬರುವುದಿಲ್ಲ. ಅದರಲ್ಲಿ ಅಣ್ವಸ್ತ್ರವಿರಲಿಲ್ಲ, ಆದುದರಿಂದ 2007ರ ಒಪ್ಪಂದಕ್ಕೂ ಅದು ಸಿಗಲಿಲ್ಲ. ಎರಡು ಕಾಗದಗಳ ನಡುವಿನ ಸಂದಿಯಲ್ಲಿ ಅದು ಹಾರಿಹೋಯಿತು. ಅದಾಗಿ ಇಷ್ಟು ವರ್ಷಗಳಾದರೂ ಆ ಸಂದಿ ಮುಚ್ಚಿಲ್ಲ. 2025ರ ಯುದ್ಧದಲ್ಲಿ ಎರಡೂ ಕಡೆಯಿಂದ ಹೆಚ್ಚಾಗಿ ಹಾರಿದ ಡ್ರೋನುಗಳ ಬಗ್ಗೆಯಂತೂ ಯಾವ ಕಾಗದದಲ್ಲೂ ಒಂದು ಸಾಲಿಲ್ಲ.

ಕಾಗದಗಳಿಗೆ ಸಾವಿಲ್ಲವೆಂದೂ ನಾವು ಭ್ರಮಿಸಿಲ್ಲ. ಮೂರು ಯುದ್ಧಗಳನ್ನು ದಾಟಿ ಬಂದ 1960ರ ಸಿಂಧೂ ಜಲ ಒಪ್ಪಂದವನ್ನು ಪಹಲ್ಗಾಮಿನ ಮರುದಿನ ಭಾರತ ಅಮಾನತಿನಲ್ಲಿರಿಸಿತು. 2019ರ ಆಗಸ್ಟಿನಿಂದ ಎರಡೂ ರಾಜಧಾನಿಗಳಲ್ಲಿ ಹೈಕಮಿಷನರುಗಳಿಲ್ಲ. 2025ರಲ್ಲಿ ಕಚೇರಿಗಳ ಸಿಬ್ಬಂದಿಯನ್ನು ಮೂವತ್ತಕ್ಕೆ ಇಳಿಸಿ ಸೇನಾ ಸಲಹೆಗಾರರನ್ನು ವಾಪಸು ಕಳುಹಿಸಲಾಯಿತು. ಲಕೋಟೆಯನ್ನು ಒಯ್ಯುವ ಕೈಗಳೇ ಕಡಿಮೆಯಾಗುತ್ತಿವೆ. ಕೋಪದ ಗಳಿಗೆಯಲ್ಲಿ ರಾಯಭಾರಿಗಳನ್ನು ಕಳುಹಿಸಿಬಿಡುವುದು ಸುಲಭ, ಜನರಿಗೆ ಮೆಚ್ಚುಗೆಯೂ ಆಗುತ್ತದೆ. ಆದರೆ ಮನೆಗೆ ಬೆಂಕಿ ಬಿದ್ದಾಗ ಬೇಕಾಗುವ ಕೊಡಗಳನ್ನು ಜಗಳದಲ್ಲಿ ಒಡೆದುಹಾಕುವವನನ್ನು ನಮ್ಮ ಹಳ್ಳಿಗಳಲ್ಲಿ ಶೂರನೆಂದು ಕರೆಯುವುದಿಲ್ಲ.

ಜನವರಿ ಒಂದರಂದು ಇನ್ನೊಂದು ಪಟ್ಟಿಯೂ ಕೈಬದಲಾಗುತ್ತದೆ. 2008ರ ಒಪ್ಪಂದದಂತೆ ವರ್ಷಕ್ಕೆರಡು ಬಾರಿ, ಜನವರಿ ಮತ್ತು ಜುಲೈ ಒಂದರಂದು, ತಮ್ಮ ಸೆರೆಮನೆಗಳಲ್ಲಿರುವ ಎದುರು ದೇಶದ ಕೈದಿಗಳ ಮತ್ತು ಮೀನುಗಾರರ ಹೆಸರುಗಳನ್ನು ಎರಡೂ ದೇಶಗಳು ಕೊಡುತ್ತವೆ. ಮೀನಿನ ಹಿಂದೆ ಹೋಗಿ ನೀರಿನ ಮೇಲೆ ಕಾಣದ ಗೆರೆಯನ್ನು ದಾಟಿದವರು ಅವರು. ಕಡಲಿನಲ್ಲಿ ಗೆರೆ ಕಾಣುವುದಿಲ್ಲವೆಂಬುದನ್ನು ಮಲ್ಪೆಯವರಿಗೂ ಕಾರವಾರದವರಿಗೂ ಯಾರೂ ಹೇಳಿಕೊಡಬೇಕಾಗಿಲ್ಲ.

ಕ್ರೂಸ್ ಕ್ಷಿಪಣಿಗಳನ್ನು 2005ರ ಒಪ್ಪಂದಕ್ಕೆ ಸೇರಿಸುವ, ಯಾವುದೇ ಕ್ಷಿಪಣಿಯ ಆಕಸ್ಮಿಕ ಹಾರಾಟವನ್ನು ನಿಮಿಷಗಳೊಳಗೆ ತಿಳಿಸುವ ವಿಚಾರದಲ್ಲಿ ಸರಕಾರದ ನಿಲುವೇನೆಂದು ಕರಾವಳಿಯ ನಮ್ಮ ಲೋಕಸಭಾ ಸದಸ್ಯರು ಕೇಳಬಹುದು. ಇದರಲ್ಲಿ ಪಕ್ಷವೂ ಇಲ್ಲ, ಮತವೂ ಇಲ್ಲ. ಧರ್ಮಕೇಂದ್ರಗಳ ಶ್ರೀಸಾಮಾನ್ಯರ ಸಂಘಗಳು ಈ ಕುರಿತು ಅವರಿಗೆ ಒಂದೊಂದು ಪತ್ರ ಬರೆಯಲೆಂದು ನಾವು ಕೋರುತ್ತೇವೆ. ಲೋಕಸಭೆಯ ನಿಯಮದಂತೆ ಪ್ರಶ್ನೆಗೆ ಹದಿನೈದು ಪೂರ್ಣ ದಿನಗಳ ಮುನ್ಸೂಚನೆ ಬೇಕು. ಮುಂದಿನ ಅಧಿವೇಶನಕ್ಕೆ ಮೊದಲು ಸದಸ್ಯರು ಊರಿಗೆ ಬಂದಾಗಲೇ ಪತ್ರವನ್ನು ಕೈಗೆ ಕೊಟ್ಟರೆ ಅವರಿಗೆ ಸಾಕಷ್ಟು ಸಮಯ ಸಿಗುತ್ತದೆ.